ಕರಾಕಲ್ಲಾ ಸ್ನಾನಗೃಹ: ಬರೀ ಇಟ್ಟಿಗೆ ಗೋಡೆ ನೋಡೋಕೆ ರೋಮ್‌ಗೆ ಹೋಗಬೇಕಿತ್ತಾ?

ಅಲೆಮಾರಿ_ಅಳಿಯ

ಸ್ವಲ್ಪ ಹೊಟ್ಟೆಯುರಿ ಹೇಳಿಕೊಳ್ಳೋಣ ಅಂತ ಬಂದೆ. ಹೆಂಡತಿ, ಅತ್ತೆ, ಮಾವನ ಜೊತೆ ಇಟಲಿಯಲ್ಲಿದ್ದೇನೆ, ಪ್ಯಾಕೇಜ್ ಟೂರ್. ಮೊನ್ನೆ ರೋಮ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿಗೆ ಕರಾಕಲ್ಲಾ ಅನ್ನುವ ರೋಮನ್ ಚಕ್ರವರ್ತಿ ಊರವರಿಗೆಲ್ಲ ಅಂತ ಕಟ್ಟಿಸಿದ ಸ್ನಾನಗೃಹದ ಮುಂದೆ ಬಸ್ಸಿನಿಂದ ಇಳಿಸಿ, "ನಲವತ್ತು ನಿಮಿಷ" ಅಂದ ಗೈಡ್ ತಾನು ಪೈನ್ ಮರದ ನೆರಳಲ್ಲಿ ಫೋನ್ ಹಿಡಿದು ಕೂತುಬಿಟ್ಟ.

ಒಳಗೆ ಹೋದರೆ ಆಕಾಶಕ್ಕೆ ಬಾಯಿ ತೆರೆದ ಕೆಂಪು ಗೋಡೆಗಳು. ದೊಡ್ಡವು, ಒಪ್ಪಿದೆ. ಕತ್ತು ನೋಯುವಷ್ಟು ಎತ್ತರ. ಆದರೆ ಒಂದು ವಿಗ್ರಹ ಇಲ್ಲ, ಒಂದು ಕಂಬ ನೆಟ್ಟಗಿಲ್ಲ. ಅತ್ತೆ ಮಂಡಿನೋವು ಅಂತ ಬಾಗಿಲಲ್ಲೇ ಕೂತರು. ಮಾವ ದಾವಣಗೆರೆಯಲ್ಲಿ ಮೂವತ್ತು ವರ್ಷ ಮಂಡಕ್ಕಿ ಭಟ್ಟಿ ನಡೆಸಿದವರು. ಒಂದು ಸುತ್ತು ಹಾಕಿ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ದೊಡ್ಡ ಬಚ್ಚಲಿಗೆ ಭಟ್ಟಿ ಎಲ್ಲಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಗೈಡ್ ಹತ್ತಿರವೂ ಇರಲಿಲ್ಲ.

ಈಗ ಫ್ಲಾರೆನ್ಸ್‌ನಲ್ಲಿದ್ದೇವೆ. ವಾಪಸ್ ವಿಮಾನ ಹತ್ತೋಕೆ ಮುಂಚೆ ಭಾನುವಾರ ಒಂದು ದಿನ ರೋಮ್‌ನಲ್ಲಿ ಖಾಲಿ ಸಿಗುತ್ತೆ. ಮತ್ತೆ ಅಲ್ಲಿಗೆ ಹೋಗೋದು ದಂಡವಾ? ಏನು ನೋಡೋದು ತಪ್ಪಿಸಿಕೊಂಡೆ ಅಂತ ಗೊತ್ತಿದ್ದವರು ಹೇಳಿ.

ಖಾಲಿ_ಜೇಬು

ಏನೂ ತಪ್ಪಿಸಿಕೊಂಡಿಲ್ಲ ಗುರು. ನಾನೂ ಹೋಗಿದ್ದೆ. ಭಾನುವಾರ ಜೆಲಾಟೊ ತಿನ್ನಿ, ಅತ್ತೆಯವರ ಮಂಡಿಗೂ ಒಳ್ಳೇದು.

ನಿವೃತ್ತ_ಓವರ್‌ಸಿಯರ್

ಖಾಲಿ ಜೇಬಿನವರೇ, ನಿಮ್ಮ ಮಾತು ಪಕ್ಕಕ್ಕಿರಲಿ. ಅಳಿಯಂದಿರೇ, ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ಹೇಳಿ. ಇಡೀ ಬಸ್ಸಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ ಇರಬೇಕು.

ಮೊದಲು ಆ ಇಟ್ಟಿಗೆಯ ವಿಷಯ. ನೀವು ನೋಡಿದ್ದು ಇಟ್ಟಿಗೆ ಗೋಡೆಯೇ ಅಲ್ಲ. ಇಟ್ಟಿಗೆ ಬರೀ ಸಿಪ್ಪೆ. ಚೌಕದ ಇಟ್ಟಿಗೆಯನ್ನು ತ್ರಿಕೋನವಾಗಿ ಕತ್ತರಿಸಿ, ಮೊನೆ ಒಳಮುಖವಾಗಿ ಬರುವ ಹಾಗೆ ಎರಡೂ ಬದಿಗೆ ಕಟ್ಟುತ್ತ ಹೋಗಿ, ನಡುವೆ ಸುಣ್ಣ, ಜ್ವಾಲಾಮುಖಿಯ ಬೂದಿಮಣ್ಣು, ಜಲ್ಲಿ ಕಲಸಿದ ಕಾಂಕ್ರೀಟು ತುಂಬುತ್ತಿದ್ದರು. ಆ ಮೊನೆಗಳು ಹಲ್ಲಿನ ಹಾಗೆ ಕಾಂಕ್ರೀಟನ್ನು ಕಚ್ಚಿ ಹಿಡಿಯುತ್ತವೆ. ಮುರಿದ ಗೋಡೆಯ ಅಂಚಿನಲ್ಲಿ ನಿಂತು ನೋಡಿ, ಸ್ಪಷ್ಟವಾಗಿ ಕಾಣುತ್ತೆ. ಕಬ್ಬಿಣದ ಸರಳಿಲ್ಲದ ಈ ಕಾಂಕ್ರೀಟು 1800 ವರ್ಷ ನಿಂತಿದೆ. ನಾನು ಬಿಲ್ಲು ಪಾಸು ಮಾಡಿದ ಕೆಲವು ಮೋರಿಗಳು ಎಷ್ಟು ವರ್ಷ ನಿಂತವು ಅಂತ ಮಾತ್ರ ಕೇಳಬೇಡಿ.

ಆ ಇಟ್ಟಿಗೆಯೂ ಆಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕೆಳಗೆಲ್ಲ ಅಮೃತಶಿಲೆಯ ಹೊದಿಕೆ, ಮೇಲೆ ಗಾರೆಯ ಚಿತ್ತಾರ, ಕಮಾನಿನೊಳಗೆ ಗಾಜಿನ ಮೊಸಾಯಿಕ್. ಗೋಡೆಯ ತುಂಬ ಸಣ್ಣ ಸಣ್ಣ ತೂತು ಗಮನಿಸಿದಿರಾ? ಕೆಲವು ಸಾರುವೆ ಕಟ್ಟಿದ ತೂತು, ಕೆಲವು ಶಿಲೆಯ ಹಲಗೆಗಳನ್ನು ಹಿಡಿದಿದ್ದ ಲೋಹದ ಕೊಂಡಿಗಳದ್ದು. ಶಿಲೆಯೂ ಹೋಯ್ತು, ಕೊಂಡಿಯೂ ಹೋಯ್ತು. ಮದುವೆ ಮನೆಯ ಚಪ್ಪರ ಬಿಚ್ಚಿದ ಮೇಲೆ ಗೂಟದ ಗುಳಿ ಉಳಿಯುತ್ತಲ್ಲ, ಹಾಗೆ.

ಇನ್ನು ಭಟ್ಟಿ. ಅದು ನಿಮ್ಮ ಕಾಲ ಕೆಳಗಿತ್ತು! ನೆಲದಡಿ ಗಾಡಿ ಹೋಗುವಷ್ಟು ಅಗಲದ ಸುರಂಗಗಳಿವೆ. ಕಟ್ಟಿಗೆ ಸಾಗಾಟ, ಒಲೆ ಉರಿಸೋದು, ನೀರಿನ ಸೀಸದ ಕೊಳವೆ, ಕೊಳೆನೀರಿನ ಕಾಲುವೆ ಎಲ್ಲ ಅಲ್ಲೇ. ಸುಮಾರು 50 ಒಲೆಗಳು, ದಿನಕ್ಕೆ ಹತ್ತು ಟನ್ನಿನ ಆಸುಪಾಸು ಕಟ್ಟಿಗೆ ಅಂತ ಅಂದಾಜು. ಬಿಸಿ ಕೋಣೆಯ ನೆಲ ಗಟ್ಟಿ ನೆಲವಲ್ಲ. ಸಾಲುಸಾಲು ಮೋಟು ಇಟ್ಟಿಗೆ ಕಂಬಗಳ ಮೇಲೆ ಎರಡು ಅಡಿ ಚೌಕದ ದೊಡ್ಡ ಇಟ್ಟಿಗೆಗಳನ್ನು ಹಾಸಿ, ಅದರ ಮೇಲೆ ಗಾರೆ ಹಾಕಿದ ತೂಗುನೆಲ. ಒಲೆಯ ಬಿಸಿಗಾಳಿ ಆ ಸಂದಿಯಲ್ಲಿ ಹರಿದು, ಗೋಡೆಯೊಳಗೆ ಕೂರಿಸಿದ ಟೊಳ್ಳು ಹೆಂಚಿನ ಕೊಳವೆಗಳಲ್ಲಿ ಮೇಲೇರುತ್ತಿತ್ತು. ನೆಲವೂ ಬಿಸಿ, ಗೋಡೆಯೂ ಬಿಸಿ. ಬರಿಗಾಲಲ್ಲಿ ನಿಲ್ಲೋಕೆ ಆಗದೆ ಮರದ ಅಟ್ಟೆಯ ಚಪ್ಪಲಿ ಹಾಕ್ಕೊಳ್ಳುತ್ತಿದ್ದರು.

ಕೊಪ್ಪದ_ಕೂಸು

ಸರ್, ನೀವು ಹೇಳಿದ್ದು ಓದುತ್ತಾ ನಮ್ಮ ಅಜ್ಜಿ ಮನೆ ಬಚ್ಚಲೊಲೆ ಕಣ್ಣಿಗೆ ಕಟ್ಟಿತು. ಗೋಡೆಯ ಆ ಕಡೆ ಒಲೆ ಬಾಯಿ, ಈ ಕಡೆ ಹಂಡೆ. ಮೀಯುವವರಿಗೆ ಹೊಗೆ ಇಲ್ಲ, ಉರಿ ಇಲ್ಲ, ಬರೀ ಹಬೆ. ಹೊಗೆ ಎಲ್ಲ ಒಲೆ ಮುಂದೆ ಕೂತವರಿಗೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ, ಊದುಕೊಳವೆ, ಕಣ್ಣಲ್ಲಿ ನೀರು. ದೀಪಾವಳಿ ದಿನ ಮನೆಮಂದಿ ಎಲ್ಲ ಎಣ್ಣೆ ಹಚ್ಚಿಕೊಂಡು ಸರದಿ ಕಾಯುವಾಗ ಅಜ್ಜಿ ಬೆಳಗಿನ ಜಾವ ಮೂರಕ್ಕೇ ಎದ್ದು ಒಲೆಗೆ ಕುಂಟೆ ದೂಡುತ್ತಿದ್ದರು. ಅವರು ಮೀಯುವಾಗ ನೀರು ಬೆಚ್ಚಗೆ ಅನ್ನುವಷ್ಟೇ ಉಳಿದಿರುತ್ತಿತ್ತು.

ಅದಕ್ಕೇ ಕೇಳ್ತೀನಿ, ಆ ಐವತ್ತು ಒಲೆಗೆ ಕಟ್ಟಿಗೆ ಒಟ್ಟಿದ್ದು ಯಾರು?

ನಿವೃತ್ತ_ಓವರ್‌ಸಿಯರ್

ಗುಲಾಮರು, ತಾಯಿ. ಬಿಡುವಿಲ್ಲದ ಪಾಳಿ.

ಟೆವೆರೆ_ದಂಡೆ

ನಾನು ರೋಮ್‌ನಲ್ಲಿ ಓದುತ್ತಿರುವವಳು. ಆ ಸುರಂಗಗಳಲ್ಲಿ ಇನ್ನೊಂದು ಸೋಜಿಗ ಇದೆ. ಆ ಕಾಲದ ಗುಟ್ಟಿನ ಪಂಥವೊಂದರ ದೇವರಾದ ಮಿತ್ರಾನ ಗುಡಿ, ರೋಮ್‌ನಲ್ಲಿ ಸಿಕ್ಕವುಗಳಲ್ಲೇ ಅತಿ ದೊಡ್ಡದು ಅಂತಾರೆ. 1912ರಲ್ಲಿ ಸಿಕ್ಕಿದ್ದು. ಮೇಲೆ ಊರಿಗೆ ಊರೇ ಮೀಯುತ್ತಿದ್ದರೆ ಕೆಳಗೆ ಕತ್ತಲಲ್ಲಿ, ಎರಡೂ ಪಕ್ಕ ಉದ್ದನೆಯ ಜಗಲಿ ಇರುವ ಕೋಣೆಯಲ್ಲಿ ದೀಕ್ಷೆ ತೆಗೆದುಕೊಂಡ ಗಂಡಸರು ಮಾತ್ರ ಸೇರಿ ಪೂಜೆ ಮಾಡುತ್ತಿದ್ದರು. ನೆಲದಡಿಯ ಭಾಗ ಎಲ್ಲ ದಿನ ತೆರೆದಿರಲ್ಲ, ಬಾಗಿಲಲ್ಲಿ ವಿಚಾರಿಸಿಯೇ ಹೋಗಬೇಕು.

"ಒಂದು ವಿಗ್ರಹ ಇಲ್ಲ" ಅಂದಿರಲ್ಲ ಅಣ್ಣ, ಅಲ್ಲಿದ್ದದ್ದೆಲ್ಲ ಊರೂರಿಗೆ ಹಂಚಿಹೋಗಿದೆ. 537ರಲ್ಲಿ ವಿಟಿಜೆಸ್ ಅನ್ನುವ ಗಾಥ್ ದೊರೆ ರೋಮ್‌ಗೆ ಮುತ್ತಿಗೆ ಹಾಕಿ ನೀರಿನ ಮೇಲ್ಗಾಲುವೆಗಳನ್ನು ಕಡಿಸಿಬಿಟ್ಟ. ನೀರಿಲ್ಲದ ಸ್ನಾನಗೃಹ ಯಾರಿಗೆ ಬೇಕು? ಆಮೇಲೆ ಅಲ್ಲಿ ಹೆಣ ಹೂಳಿದರು, ದ್ರಾಕ್ಷಿತೋಟ ಮಾಡಿದರು, ಕಲ್ಲು ಬೇಕಾದವರು ಬಂದು ಒಯ್ದರು. 1540ರ ದಶಕದಲ್ಲಿ ಫರ್ನೇಸೆ ಮನೆತನದ ಪೋಪ್ ಮೂರನೇ ಪಾಲ್ ತನ್ನ ಅರಮನೆಯ ಅಲಂಕಾರಕ್ಕೆ ಅಂತ ಅಗೆಸಿದ. ಆಗ ಸಿಕ್ಕ, ಗ್ರೀಕ್ ಪುರಾಣದ ಮಹಾವೀರ ಹರ್ಕ್ಯುಲೀಸ್ ಮತ್ತು ಗೂಳಿಯ ಶಿಲ್ಪ ಎರಡೂ ಈಗ ನೇಪಲ್ಸ್ ಮ್ಯೂಸಿಯಂನಲ್ಲಿವೆ. ಹರ್ಕ್ಯುಲೀಸ್ ಹತ್ತು ಅಡಿಗಿಂತ ಎತ್ತರ. ಗದೆಯ ಮೇಲೆ ಒರಗಿ, ಸೋತು ಸುಣ್ಣವಾದವನ ಹಾಗೆ ತಲೆ ಬಗ್ಗಿಸಿ ನಿಂತಿದ್ದಾನೆ. ಮುಂದಿನಿಂದ ನೋಡಿದವರಿಗೆ ಯಾಕೆ ಅಂತ ಗೊತ್ತಾಗಲ್ಲ. ಹಿಂದೆ ಹೋಗಿ ನೋಡಿದರೆ ಬೆನ್ನ ಹಿಂದಿನ ಕೈಯಲ್ಲಿ ದೇವತೆಗಳ ತೋಟದಿಂದ ಹರಸಾಹಸಪಟ್ಟು ಕದ್ದು ತಂದ ಸೇಬು! ಮೊದಲು ಅವನ ಕಾಲು ಸಿಕ್ಕಿರಲಿಲ್ಲ, ಗುಗ್ಲಿಯೆಲ್ಮೊ ದೆಲ್ಲಾ ಪೋರ್ತಾ ಅನ್ನುವ ಶಿಲ್ಪಿ ಹೊಸ ಕಾಲು ಮಾಡಿ ಜೋಡಿಸಿದ. ಆಮೇಲೆ ಅಸಲಿ ಕಾಲು ಸಿಕ್ಕರೂ ಬಹಳ ಕಾಲ ಹೊಸ ಕಾಲಲ್ಲೇ ನಿಂತಿದ್ದ.

ಕ್ರೀಡಾಪಟುಗಳ ಮೊಸಾಯಿಕ್ 1824ರಲ್ಲಿ ಸಿಕ್ಕಿ ವ್ಯಾಟಿಕನ್ ಸೇರಿತು. ಎರಡು ದೊಡ್ಡ ಗ್ರಾನೈಟ್ ತೊಟ್ಟಿಗಳು ರೋಮ್‌ನದೇ ಫರ್ನೇಸೆ ಚೌಕದಲ್ಲಿ ಕಾರಂಜಿಗಳಾಗಿವೆ. ರೋಮ್‌ನ ತ್ರಾಸ್ತೇವೆರೆ ಬಡಾವಣೆಯ ಸಾಂತಾ ಮರಿಯಾ ಚರ್ಚಿನ ಕಂಬಗಳ ಬೋದಿಗೆಗಳೂ ಇಲ್ಲಿಂದಲೇ ಹೋದವು. ಅವುಗಳಲ್ಲಿ ಈಜಿಪ್ಟಿನ ಐಸಿಸ್, ಸೆರಾಪಿಸ್ ದೇವರ ಪುಟ್ಟ ಮುಖಗಳಿದ್ದವು. ಏಳು ಶತಮಾನ ಅದರ ಕೆಳಗೇ ಪ್ರಾರ್ಥನೆ ನಡೆದ ಮೇಲೆ ಯಾರಿಗೋ ಅದು ಯಾರ ಮುಖ ಅಂತ ಹೊಳೆದು, 1870ರಲ್ಲಿ ಒಡೆದು ತೆಗೆದರು.

ನೀವು ಫ್ಲಾರೆನ್ಸ್‌ನಲ್ಲೇ ಇದ್ದೀರಲ್ಲ? ನಾಳೆ ಸಾಂತಾ ತ್ರಿನಿತಾ ಚೌಕಕ್ಕೆ ಹೋಗಿ. ಅಲ್ಲಿರುವ ಒಂಟಿ ಕಂಬ ಯಾವುದು ಅಂತ ಮಾವನವರಿಗೆ ಹೇಳಿ.

ಖಾಲಿ_ಜೇಬು

ಅಂದರೆ ಸ್ನಾನಗೃಹ ನೋಡೋಕೆ ನೇಪಲ್ಸ್, ವ್ಯಾಟಿಕನ್, ಫ್ಲಾರೆನ್ಸ್ ಎಲ್ಲ ಸುತ್ತಬೇಕು. ನಾನು ಹೇಳಿದ್ದೂ ಅದೇ ಅಲ್ವಾ? ಅಲ್ಲಿ ಏನೂ ಇಲ್ಲ ಅಂತ.

ಅಲೆಮಾರಿ_ಅಳಿಯ

ಸಾಂತಾ ತ್ರಿನಿತಾ ಚೌಕದಿಂದಲೇ ಬರೆಯುತ್ತಿದ್ದೇನೆ. ತುದಿಯಲ್ಲಿ ತಕ್ಕಡಿ ಹಿಡಿದ ನ್ಯಾಯದೇವತೆ. ಒಂದೇ ಕಲ್ಲಿನ ಕಂಬ. ಮಾವ ಸುತ್ತ ಎರಡು ಸಲ ತಿರುಗಿದರು, ತೋಳು ಚಾಚಿ ದಪ್ಪ ಅಳೆಯೋಕೆ ನೋಡಿದರು. "ಇಂಥದ್ದು ಅಲ್ಲಿ ಎಷ್ಟಿದ್ದವು?" ಅಂತ ಮತ್ತೆ ಪ್ರಶ್ನೆ. ಇದನ್ನು ರೋಮ್‌ನಿಂದ ಇಲ್ಲಿಗೆ ಹೇಗೆ ತಂದರು ಅಂತ ಅತ್ತೆಯ ಪ್ರಶ್ನೆ. ನನಗೆ ಸಾಕುಸಾಕಾಯ್ತು.

ಟೆವೆರೆ_ದಂಡೆ

ಪೋಪ್ ನಾಲ್ಕನೇ ಪಯಸ್ ಇದನ್ನು ಮೆದೀಚಿ ಮನೆತನದ ಒಂದನೇ ಕೋಸಿಮೊಗೆ ಉಡುಗೊರೆ ಕೊಟ್ಟದ್ದು, 1560ರ ದಶಕದಲ್ಲಿ ಇಲ್ಲಿ ನಿಲ್ಲಿಸಿದರು. ತಣ್ಣೀರು ಕೋಣೆಯೊಂದರಲ್ಲೇ ಇಂಥ ಎಂಟು ಕಂಬಗಳಿದ್ದವು ಅಂತ ಹೇಳಿ ಅವರಿಗೆ.

ಧಾರವಾಡದ_ಪೇಡೆ

ಏನ್ರೀ ಇಷ್ಟು ಹೊಗಳಾಕ ಹತ್ತೀರಿ ಎಲ್ಲಾರೂ! ಆ ನೀರು ಹೆಂಗಿತ್ತು ಅಂತ ಒಬ್ಬರೂ ಹೇಳವಲ್ರಿ. ಮಾರ್ಕಸ್ ಅರೇಲಿಯಸ್, ಅವನೂ ಚಕ್ರವರ್ತಿನೇ, ಸ್ನಾನ ಅಂದ್ರ ಏನು ಅಂತ ಬರದಾನ ನೋಡ್ರಿ: ಎಣ್ಣಿ, ಬೆವರು, ಹೊಲಸು, ಜಿಡ್ಡು ನೀರು, ಎಲ್ಲಾ ಅಸಹ್ಯ. ಸೆಲ್ಸಸ್ ಅನ್ನೋ ಲೇಖಕ ತನ್ನ ವೈದ್ಯ ಗ್ರಂಥದಾಗ, ಗಾಯ ಹಸಿ ಇದ್ದಾಗ ಸ್ನಾನಗೃಹಕ್ಕ ಹೋಗಬ್ಯಾಡ್ರಿ, ಗಾಯ ಕೊಳೀತದ ಅಂತ ಎಚ್ಚರಿಕಿ ಕೊಟ್ಟಾನ. ಸೋಪು ಇಲ್ಲ, ಕ್ಲೋರಿನ್ ಇಲ್ಲ. ಮೈಗೆಲ್ಲಾ ಎಣ್ಣಿ ಹಚ್ಚಿಕೊಂಡು, ಕುಡುಗೋಲಿನಂಗ ಬಾಗಿದ ಲೋಹದ ಪಟ್ಟಿಲೆ ಕೆರಕೊಳ್ಳೋದು. ಸೀಗೀಕಾಯಿ ಗೊತ್ತಿಲ್ಲದ ಮಂದಿ ಪಾಪ.

ಬೆನ್ನು ಕೆರಕೊಳ್ಳಾಕ ಒಂದು ಕಥಿ ಅದ. ಹೇಡ್ರಿಯನ್ ದೊರಿ ಒಮ್ಮೆ ಸ್ನಾನಕ್ಕ ಹೋದಾಗ ಒಬ್ಬ ಮಾಜಿ ಸೈನಿಕ ಗ್ವಾಡಿಗೆ ಬೆನ್ನು ತಿಕ್ಕೋತ ನಿಂತಿದ್ನಂತ. ಯಾಕ ಅಂದ್ರ, ತಿಕ್ಕಾಕ ಆಳಿಲ್ಲ ಅಂದ. ದೊರಿ ಅವಗ ಆಳೂ ಕೊಟ್ಟ, ರೊಕ್ಕಾನೂ ಕೊಟ್ಟ. ಮುಂದ ಒಂದಿನ ಹೋಗಿ ನೋಡ್ತಾನ, ಮುದುಕರ ಸಾಲಿಗೆ ಸಾಲೇ ಗ್ವಾಡಿಗೆ ಬೆನ್ನು ತಿಕ್ಕಾಕ ಹತ್ತೇತಿ! "ನೀವು ನೀವೇ ಒಬ್ಬರ ಬೆನ್ನು ಒಬ್ಬರು ತಿಕ್ಕೋರಿ" ಅಂದು ಹೊಂಟುಬಿಟ್ಟ. ಈ ಕಥಿ ಇರೋ ಚರಿತ್ರಿ ಸುಳ್ಳು ಬೆರಸೋದ್ರಾಗ ಎತ್ತಿದ ಕೈ ಅಂತಾರ, ಆದರೂ ಕಥಿ ಭಾಳ ಛಲೋ ಅದ.

ಸಾಮರ್‌ಸೆಟ್_ಸೊಸೆ

ನಾನಿರೋದು ಇಂಗ್ಲೆಂಡಿನ ಬಾತ್ ಊರಿನ ಹತ್ತಿರ. ನಮ್ಮಲ್ಲಿ ಭಟ್ಟಿಯ ತಂಟೆ ಅಷ್ಟಿರಲಿಲ್ಲ. ನೆಲದಿಂದಲೇ 46 ಡಿಗ್ರಿ ಬಿಸಿನೀರು ಉಕ್ಕುತ್ತೆ, ದಿನಕ್ಕೆ ಹನ್ನೊಂದು ಲಕ್ಷ ಲೀಟರಿಗಿಂತ ಹೆಚ್ಚು, ಈಗಲೂ. ದೊಡ್ಡ ಕೊಳದ ತಳಕ್ಕೆ ರೋಮನ್ನರು ಹಾಕಿದ ಸೀಸದ ತಗಡು ಹಾಗೇ ಇದೆ. ಅಲೆಮಾರಿಯವರೇ, ಮಾವನವರಿಗೆ ಓವರ್‌ಸಿಯರ್ ಸರ್ ಹೇಳಿದ ಮೋಟು ಕಂಬಗಳ ಸಾಲು ಕಣ್ಣಾರೆ ಕಾಣಬೇಕಿದ್ದರೆ ಇಲ್ಲಿಗೆ ಬನ್ನಿ. ಮೇಲಿನ ನೆಲ ಹೋಗಿ ಕಂಬಗಳಷ್ಟೇ ಉಳಿದಿರುವ ಕೋಣೆಯಿದೆ. ಚೌಕಾಬಾರದ ಕಾಯಿ ಜೋಡಿಸಿಟ್ಟ ಹಾಗೆ ಕಾಣುತ್ತೆ.

ನನಗೆ ಬಲು ಇಷ್ಟ ಅಲ್ಲಿನ ಶಾಪದ ತಗಡುಗಳು. ಮೀಯೋಕೆ ಹೋದಾಗ ಬಟ್ಟೆ ಕಳವಾಗುತ್ತಿತ್ತು. ಕಳಕೊಂಡವರು ಸೀಸದ ತಗಡಿನಲ್ಲಿ ಶಾಪ ಕೆತ್ತಿ, ಮಡಚಿ, ಸುಲಿಸ್ ಮಿನರ್ವಾ ದೇವಿಯ ಬುಗ್ಗೆಗೆ ಎಸೆಯುತ್ತಿದ್ದರು. ಸುಮಾರು 130 ಸಿಕ್ಕಿವೆ. ಡಾಸಿಮೆಡಿಸ್ ಅನ್ನುವವನ ಎರಡು ಕೈಗವಸು ಹೋಗಿದ್ದವು. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಅಂತ ಬೇಡಿಕೊಂಡಿದ್ದಾನೆ. ಕೈಗವಸಿಗೆ! ದೇವಸ್ಥಾನದ ಬಾಗಿಲಲ್ಲಿ ಹೊಸ ಚಪ್ಪಲಿ ಕಳಕೊಂಡವರಿಗೆ ಅವನ ಸಂಕಟ ಅರ್ಥವಾಗುತ್ತೆ.

ಪೇಡೆಯವರು ಹೇಳಿದ ನೀರಿನ ವಿಷಯ ನಿಜ. ಬಾತ್‌ನ ಬುಗ್ಗೆ ನೀರಲ್ಲಿ ಅಮೀಬಾ ತಗಲಿ ಒಬ್ಬ ಹುಡುಗಿ ತೀರಿಕೊಂಡ ಮೇಲೆ 1978ರಲ್ಲಿ ಸ್ನಾನ ನಿಲ್ಲಿಸಿದರು. ರೋಮನ್ ಕೊಳದ ನೀರು ಮುಟ್ಟಬೇಡಿ ಅಂತ ಈಗಲೂ ಬೋರ್ಡು ಇದೆ.

ಕೊಪ್ಪದ_ಕೂಸು

ಹೆಂಗಸರಿಗೆ ಯಾವ ಹೊತ್ತು?

ಸಾಮರ್‌ಸೆಟ್_ಸೊಸೆ

ಊರಿಗೊಂದು ರೀತಿ. ಈಗಿನ ಪೋರ್ಚುಗಲ್‌ನಲ್ಲಿರುವ ವಿಪಾಸ್ಕಾ ಅನ್ನುವ ಗಣಿ ಊರಿನ ನಿಯಮ ಕಂಚಿನ ಹಲಗೆಯ ಮೇಲೆ ಸಿಕ್ಕಿದೆ. ಬೆಳಗಾದಾಗಿನಿಂದ ಮಧ್ಯಾಹ್ನದ ಹೊತ್ತಿನವರೆಗೆ ಹೆಂಗಸರು, ಆಮೇಲೆ ರಾತ್ರಿ ಎರಡನೇ ತಾಸಿನವರೆಗೆ ಗಂಡಸರು. ಶುಲ್ಕ ಗಂಡಸರಿಗೆ ಅರ್ಧ ಆಸ್ (ಆಸ್ ಅಂದರೆ ರೋಮನ್ನರ ಚಿಲ್ಲರೆ ನಾಣ್ಯ), ಹೆಂಗಸರಿಗೆ ಒಂದು ಆಸ್. ಹೊತ್ತೂ ಚೆನ್ನಾಗಿಲ್ಲದ್ದು, ದುಡ್ಡೂ ದುಪ್ಪಟ್ಟು.

ಕೊಪ್ಪದ_ಕೂಸು

ಅಜ್ಜಿಗೆ ಹೇಳ್ತೀನಿ.

ನಿವೃತ್ತ_ಓವರ್‌ಸಿಯರ್

ಮತ್ತೆ ಕರಾಕಲ್ಲಾಗೆ ಬರೋಣ. ಎಲ್ಲರೂ ಒಂದೇ ಕಡೆ ಮೀಯುತ್ತಿದ್ದರು ಅನ್ನೋದು ಸಣ್ಣ ಮಾತಲ್ಲ. ಬಡವನೂ ಪುಡಿಗಾಸಿನಲ್ಲಿ ಅಮೃತಶಿಲೆಯ ನಡುವೆ ಮಿಂದು, ಪಕ್ಕದ ಆವರಣದ ಗ್ರಂಥಾಲಯಕ್ಕೂ ಹೋಗಬಹುದಿತ್ತು. ಒಂದೇ ಹೊತ್ತಿಗೆ ಸುಮಾರು 1600 ಜನ. ಆ ಕಟ್ಟಡದ ಲೆಕ್ಕ ನೋಡಿ: ದುಂಡನೆಯ ಬಿಸಿನೀರು ಕೋಣೆಯ ಗುಮ್ಮಟ 35 ಮೀಟರ್ ಅಡ್ಡಗಲ. ಅದನ್ನು ನೈಋತ್ಯಕ್ಕೆ ಮುಖ ಮಾಡಿ ಕಟ್ಟಿ ದೊಡ್ಡ ದೊಡ್ಡ ಕಿಟಕಿ ಇಟ್ಟರು. ಜನ ಬರೋದು ಮಧ್ಯಾಹ್ನದ ಮೇಲೆ, ಆಗ ಬಿಸಿಲೂ ಅದೇ ದಿಕ್ಕಿಗೆ. ಕಟ್ಟಿಗೆ ಉಳಿತಾಯ! ಸಂಪ್ರದಾಯಸ್ಥರು ಬೇಕಾದರೆ ವಾಸ್ತು ಅನ್ನಲಿ, ನಾನು ಇಂಜಿನಿಯರಿಂಗ್ ಅಂತೀನಿ.

ಟೆವೆರೆ_ದಂಡೆ

ಸರ್, ಧರ್ಮಕ್ಕೆ ಕಟ್ಟಿಸಿದ್ದಲ್ಲ ಅದು. ಕರಾಕಲ್ಲಾ 211ರಲ್ಲಿ ಸ್ವಂತ ತಮ್ಮ ಗೇಟಾನನ್ನು ತಾಯಿಯ ತೋಳಿನಲ್ಲೇ ಕೊಲ್ಲಿಸಿದವನು. ಆಮೇಲೆ ಎಲ್ಲ ಕಡೆ ತಮ್ಮನ ಹೆಸರು ಅಳಿಸಿದ. ರೋಮ್‌ನ ಹಳೇ ಊರ ಚೌಕವಾದ ಫೋರಂನಲ್ಲಿರುವ ಅವರ ಅಪ್ಪನ ವಿಜಯ ಕಮಾನಿನ ಶಾಸನದಲ್ಲಿ ನಾಲ್ಕನೇ ಸಾಲು ನೋಡಿ, ಹಳೆ ಅಕ್ಷರ ಕಿತ್ತ ತೂತುಗಳ ಮೇಲೆ ಹೊಸ ಅಕ್ಷರ ಕೂರಿಸಿದ್ದಾರೆ. 216ರಲ್ಲಿ ಸ್ನಾನಗೃಹ ತೆರೆಯಿತು, ಸುತ್ತಿನ ಆವರಣ ಮುಗಿದದ್ದು ಮುಂದಿನ ಚಕ್ರವರ್ತಿಗಳ ಕಾಲಕ್ಕೆ. ಇವನು 217ರಲ್ಲಿ ದಂಡಯಾತ್ರೆಯ ದಾರಿಯಲ್ಲಿ ದೇಹಬಾಧೆಗೆ ಅಂತ ಕುದುರೆಯಿಂದ ಇಳಿದಾಗ ಸ್ವಂತ ಸೈನಿಕನ ಕೈಯಲ್ಲೇ ಸತ್ತ. ಕರಾಕಲ್ಲಾ ಅನ್ನೋದು ಹೆಸರೂ ಅಲ್ಲ, ಅವನು ಹಾಕುತ್ತಿದ್ದ ಒಂಥರಾ ನಿಲುವಂಗಿಯ ಹೆಸರು. ಕಂಬಳಿ ಕೊಪ್ಪೆ ಅಂತ ಕರೆದ ಹಾಗೆ.

ಧಾರವಾಡದ_ಪೇಡೆ

ಕೊಂದಂವ ಕಟ್ಟಿಸಿದ, ಗುಲಾಮ ಒಲಿ ಉರಿಸಿದ, ಊರ ಮಂದಿ ಮಿಂದರು. ಯಾರಿಗೆ ಪುಣ್ಯ ಬಂತೋ ಆ ಮಿತ್ರಾ ದೇವರೇ ಹೇಳಬೇಕು.

ಖಾಲಿ_ಜೇಬು

ಅದೆಲ್ಲ ಸರಿ, ಟಿಕೆಟ್ ದುಡ್ಡು ದಂಡ ಅಂತ ನನ್ನ ತಕರಾರು ಹಾಗೇ ಇದೆ.

ಟೆವೆರೆ_ದಂಡೆ

ಅಣ್ಣ, ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆ ಟಿಕೆಟ್ಟೇ ಇಲ್ಲ. ಈ ಭಾನುವಾರ ಮೊದಲನೆಯದೇ. ಅಲೆಮಾರಿಯಣ್ಣ, ಮೆಟ್ರೋ ಬಿ ಲೈನ್, ಚಿರ್ಕೊ ಮಾಸ್ಸಿಮೊ ನಿಲ್ದಾಣ, ಅಲ್ಲಿಂದ ಹತ್ತು ನಿಮಿಷ ನಡಿಗೆ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಮಧ್ಯಾಹ್ನ ನೆರಳೇ ಇರಲ್ಲ. ಒಳಗೆ ಹೋದ ಮೇಲೆ ಮೇಲೆ ನೋಡೋದು ನಿಲ್ಲಿಸಿ ನೆಲ ನೋಡಿ: ಮೀನಿನ ಹುರುಪೆಯಂಥ ಮೊಸಾಯಿಕ್, ಕಪ್ಪು ಬಿಳುಪಿನ ಕಡಲ ಪ್ರಾಣಿಗಳು. ಈಜುಕೊಳದ ಅಂಚಿನ ಕಲ್ಲೊಂದರಲ್ಲಿ ಸಾಲು ಗುಳಿ ಕೊರೆದಿದ್ದಾರೆ, ಗೋಲಿ ಅಥವಾ ಕಾಯಿ ಎಸೆದು ಆಡೋ ಆಟ. ಅದನ್ನು ಬಿಡಬೇಡಿ. 2024ರಲ್ಲಿ ಹೊರಗೆ ಹತ್ತು ಸೆಂಟಿಮೀಟರ್ ಆಳದ ನೀರಿನ ಕನ್ನಡಿ ಮಾಡಿದ್ದಾರೆ, ಗೋಡೆಗಳೆಲ್ಲ ಅದರಲ್ಲಿ ತಲೆಕೆಳಗಾಗಿ ಕಾಣುತ್ತವೆ. ಅತ್ತೆಯವರನ್ನು ಅಲ್ಲಿ ಕೂರಿಸಿ. 1937ರಿಂದ ಬೇಸಿಗೆಯಲ್ಲಿ ಅಲ್ಲಿ ಒಪೆರಾ ನಡೆಯುತ್ತೆ, ಈಗ ವೇದಿಕೆ ಕಟ್ಟುವ ಗಲಾಟೆ ಇರಬಹುದು.

ಅಲೆಮಾರಿ_ಅಳಿಯ

ಹೋಗಿ ಬಂದೆವು. ವಿಮಾನ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ.

ಅತ್ತೆ ನೀರಿನ ಕನ್ನಡಿ ಹತ್ತಿರ ಚಪ್ಪಲಿ ಬಿಟ್ಟು ಆರಾಮಾಗಿ ಕೂತರು. ಒಳಗೆ ಓವರ್‌ಸಿಯರ್ ಸರ್ ಹೇಳಿದ ಹಾಗೆ ಮುರಿದ ಗೋಡೆಯ ಅಂಚು ಹುಡುಕಿದೆ. ತ್ರಿಕೋನದ ಇಟ್ಟಿಗೆಗಳು, ನಡುವೆ ಕಲ್ಲಿನ ಚೂರು ಕಲಸಿದ ಗಾರೆ. ಹೋದ ಸಲ ಇದೇ ಗೋಡೆಗೆ ಒರಗಿ ಸೆಲ್ಫಿ ತಗೊಂಡಿದ್ದೆ, ಕಂಡಿರಲೇ ಇಲ್ಲ.

ನೆಲದಡಿಗೆ ಆವತ್ತು ಬಿಡುತ್ತಿದ್ದರು. ಮೆಟ್ಟಿಲಿಳಿದ ಕೂಡಲೇ ತಂಪು. ಮಾವ ಮಾತಿಲ್ಲದೆ ಗೋಡೆ ಉದ್ದಕ್ಕೂ ನಡೆದರು. ಸುರಂಗದ ಅಗಲ ಹೆಜ್ಜೆ ಹಾಕಿ ಅಳೆದರು. ಕಟ್ಟಿಗೆ ಗಾಡಿ ಎದುರುಬದುರಾಗಿ ಬಂದರೆ ದಾಟಬಹುದು ಅಂದರು. ಮೇಲಿನ ಬೆಳಕಿಂಡಿ ತೋರಿಸಿ, "ಇದು ಸಾಲದು. ಐವತ್ತು ಬಾಯಿಗೆ ಉರಿ ಹಾಕಿದರೆ ಇಲ್ಲಿ ನಿಲ್ಲೋಕಾಗುತ್ತಾ? ನಮ್ಮ ಭಟ್ಟೀಲಿ ಒಂದು ಬಾಯಿಗೇ ಹುಡುಗರು ಅರ್ಧ ತಾಸಿಗೊಮ್ಮೆ ಹೊರಗೆ ಓಡೋರು" ಅಂದರು. ಆಮೇಲೆ ಮಿತ್ರಾ ಗುಡಿಯ ಮುಂದೆ ತುಂಬ ಹೊತ್ತು ನಿಲ್ಲಲಿಲ್ಲ, ಭಟ್ಟಿ ಕಡೆಗೇ ವಾಪಸ್ ಹೋದರು.

ಆ ಗುಳಿ ಕಲ್ಲು ಸಿಕ್ಕಿತು ತಂಗಿ. ನೋಡಿದ ತಕ್ಷಣ ಅತ್ತೆ "ಅಳಗುಳಿಮಣೆ!" ಅಂದರು. ಅಲ್ಲ, ಇದು ಬೇರೆ ಆಟ, ಎಸೆಯೋದು ಅಂದೆ. ಅಷ್ಟರಲ್ಲಿ ಮಾವ ಪೈನ್ ಮರದ ಕೆಳಗೆ ಬಿದ್ದಿದ್ದ ಕಾಯಿಯ ಸಿಪ್ಪೆ ಆರಿಸಿ ಜೇಬಿಗೆ ಹಾಕ್ಕೊಂಡಿದ್ದು ಹೊರಗೆ ಬಂತು.

ಕೊಪ್ಪದ_ಕೂಸು

ಯಾರು ಗೆದ್ದರು?

ಅಲೆಮಾರಿ_ಅಳಿಯ

ಮೊದಲನೇದು ಎಸೆಯೋಕೆ ಕೈ ಎತ್ತಿದ್ದರು ಅಷ್ಟೇ, ಕಾವಲಿನವಳು ಸೀಟಿ ಊದಿದಳು.